ಸಿಂಗಾಪುರದ ಸ್ಟೇಜಿನಲ್ಲಿ ಜಡೆ ಕೋಲಾಟ

ಹೋದ ವರ್ಷ ನನ್ನ ಮಗಳು ಅನಘಾಳ ಹೈಸ್ಕೂಲಿನಲ್ಲಿ ಬೀಳ್ಕೊಡುಗೆ ಸಮಾರಂಭವಿದ್ದ ದಿನ. ಶುಕ್ರವಾರ ಬೇರೆ. ಚೋವಾ ಚು ಕಾಂಗ್‌ನ ನಮ್ಮ ಫ್ಲಾಟಿನಲ್ಲಿ ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತಿದ್ದೆ. ಆಗ ಅವಳ ಫೋನ್ ಬಂತು.

"ಅಮ್ಮಾ, ಎಲ್ಲಾ ಕೆಟ್ಟೋಯ್ತು. ರಿಹರ್ಸಲ್‌ನಲ್ಲಿ ಹಗ್ಗದ ಜಡೆ ಹೆಣೆದ್ವಿ, ಬಿಚ್ಚೋಕೆ ಹೋದ್ರೆ ಬರೀ ಗಂಟು. ಹೆಣೆದು ನಿಲ್ಲಿಸ್ಬಿಡಿ, ಬಿಚ್ಚೋದು ಬೇಡ ಅಂತಿದಾರೆ ಮಿಸ್."

ಅಪ್ಪ ಅಮ್ಮ ಹೈಸ್ಕೂಲಿನಲ್ಲಿದ್ದಾಗ ತೊಡುತ್ತಿದ್ದ ಬಟ್ಟೆ, ಮಾಡುತ್ತಿದ್ದ ಡ್ಯಾನ್ಸ್. ಇದು ಆ ಸಮಾರಂಭದ ವಿಷಯ. ಬೇರೆ ಕ್ಲಾಸಿನವರು ದೊಗಳೆ ಪ್ಯಾಂಟು, ಬ್ರೇಕ್ ಡ್ಯಾನ್ಸ್ ಆರಿಸಿಕೊಂಡಿದ್ದರು. ಅನಘಾಳ ಗೆಳತಿ ಮೇ ಲಿಂಗ್ ನಮ್ಮ ಮನೆಗೆ ಬಂದಾಗ ನನ್ನ ಹಳೆಯ ಫೋಟೊ ನೋಡಿದ್ದಳು. ಮೈಸೂರಿನ ಹೈಸ್ಕೂಲು, ಲಂಗ ದಾವಣಿ, ಬುಗ್ಗೆ ತೋಳಿನ ರವಿಕೆ, ಮಡಚಿ ಕಟ್ಟಿದ ಎರಡು ಜಡೆ, ಕೆಂಪು ರಿಬ್ಬನ್, ಕೈಯಲ್ಲಿ ಕೋಲಾಟದ ಹಗ್ಗ. ನಮಗೆ ಇದೇ ಬೇಕು ಎಂದು ಹಟ ಹಿಡಿದವಳು ಅವಳೇ. ನನ್ನ ಮಗಳು ಮಾತ್ರ "ಸೋ ಓಲ್ಡ್ ಲಾ" ಎಂದು ಮುಖ ಸಿಂಡರಿಸಿದ್ದಳು.

ನನ್ನ ಹಳೆ ಸೀರೆಗಳಲ್ಲೇ ಅವರ ಗುಂಪಿನ ಹುಡುಗಿಯರಿಗೆಲ್ಲ ಲಂಗ ದಾವಣಿ ಆಯಿತು. ಭಾನುವಾರ ಬಂತೆಂದರೆ ನಮ್ಮ ಬ್ಲಾಕಿನ ಕೆಳಗಿನ ಖಾಲಿ ಅಂಗಳ, ಇಲ್ಲಿಯವರು ಹೇಳುವ ವಾಯ್ಡ್ ಡೆಕ್‌ನಲ್ಲಿ ಅಭ್ಯಾಸ. ಬಟ್ಟೆ ಒಣಹಾಕುವ ಬಿದಿರು ಗಳುವಿನ ತುದಿಗೆ ಬಣ್ಣದ ಹಗ್ಗಗಳನ್ನು ಕಟ್ಟಿ, ಗಳುವನ್ನು ನಾನೇ ಹಿಡಿದು ನಿಂತು ಹಾಡುತ್ತಿದ್ದೆ. ಮಕ್ಕಳು ಒಬ್ಬರ ಪಕ್ಕ ಒಬ್ಬರು ನುಸುಳುತ್ತಾ ಹಗ್ಗ ಹೆಣೆಯುತ್ತಿದ್ದರು, ಹಾಗೇ ತಿರುಗಿ ಹೆಜ್ಜೆ ಹಾಕಿ ಬಿಚ್ಚುತ್ತಿದ್ದರು. ಅಲ್ಲಿ ಎಂದೂ ಗಂಟು ಬಿದ್ದಿರಲಿಲ್ಲ.

ಹೆಣೆದ ಜಡೆ ಬಿಚ್ಚದೆ ಸ್ಟೇಜು ಇಳಿಯಬಾರದೆಂದು ನನಗೆ ಕಲಿಸಿದ ಟೀಚರು ಹೇಳುತ್ತಿದ್ದರು. ಕಟ್ಟಿದ್ದನ್ನು ಬಿಚ್ಚಿ ದೇವರಿಗೆ ಒಪ್ಪಿಸಿದರೇ ಆಟ ಮುಗಿದಂತೆ. ಅರ್ಧಕ್ಕೆ ನಿಲ್ಲಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

"ಹಾಡು ಯಾವುದು ಹಾಕಿದ್ರಿ?"

"ನೀನು ಅಡುಗೆಮನೇಲಿ ಹಾಡಿ ಕಳಿಸಿದ್ಯಲ್ಲ, ಅದೇ ರೆಕಾರ್ಡಿಂಗ್."

ತಟ್ಟನೆ ಹೊಳೆಯಿತು. ವಾಯ್ಡ್ ಡೆಕ್‌ನಲ್ಲಿ ನಾನು ಅವರ ಕಾಲು ನೋಡಿಕೊಂಡು ಹಾಡುತ್ತಿದ್ದೆ. ಯಾರಾದರೂ ಹಿಂದೆ ಬಿದ್ದರೆ ಹಾಡಿನ ಸಾಲಿನ ಕೊನೆಯನ್ನು ಎಳೆದು ಕಾಯುತ್ತಿದ್ದೆ. ನಮ್ಮ ಸ್ಕೂಲಿನಲ್ಲಿ ಹಾಡುವವರೆಲ್ಲ ಹಾಗೇ. ಅಭ್ಯಾಸಬಲ, ಅದನ್ನು ಬಾಯಿಬಿಟ್ಟು ಹೇಳಬೇಕೆಂದು ತೋಚಿರಲೇ ಇಲ್ಲ. ರೆಕಾರ್ಡ್ ಆದ ಹಾಡು ಯಾರಿಗೂ ಕಾಯುವುದಿಲ್ಲವಲ್ಲ.

"ನಾನೇ ಬಂದು ಹಾಡ್ತೀನಿ. ಮಿಸ್‌ನ ಕೇಳು."

"ಸ್ಟೇಜ್ ಮೇಲಾ? ಪೇರೆಂಟ್ಸ್ ಯಾರೂ ಬರಲ್ಲಮ್ಮ."

ಹಿಂದಿನಿಂದ ಮೇ ಲಿಂಗ್ ದನಿ ಕೇಳಿತು. "ಆಂಟಿ, ಕಮ್ ಲಾ, ಕ್ವಿಕ್."

"ಸರಿ, ಕೇಳ್ತೀನಿ. ನೈಟಿ ಮೇಲೇ ಓಡ್ಬರ್ಬೇಡ, ಪ್ಲೀಸ್," ಎಂದಳು ನನ್ನ ಮಗಳು.

ಪಾತ್ರೆಗಳನ್ನು ಅಲ್ಲೇ ಬಿಟ್ಟು ಸೀರೆ ಸುತ್ತಿಕೊಂಡು ಹೊರಟೆ. ಎಂಆರ್‌ಟಿ ಸ್ಟೇಷನ್ ಹತ್ತುವಷ್ಟರಲ್ಲಿ ಟ್ರೇನು ಬಂದು ನಿಂತಿತ್ತು, ರಾಯರ ದಯೆ. ಸ್ಕೂಲಿನ ಗೇಟಿನಲ್ಲೇ ಮಿಸ್ ಕಾಯುತ್ತಿದ್ದರು. "ಪ್ರಾಕ್ಟೀಸ್‌ಗೆ ಟೈಮ್ ಇಲ್ಲ ಮೇಡಂ, ಸೀದಾ ಸ್ಟೇಜಿಗೇ" ಎಂದು ಇಂಗ್ಲಿಷಿನಲ್ಲಿ ಹೇಳಿ ಕೈಗೆ ಮೈಕ್ ಕೊಟ್ಟರು.

ಹಾಲ್ ತುಂಬ ಮಕ್ಕಳು. ಸ್ಟೇಜಿನ ನಡುವೆ ಸ್ಟ್ಯಾಂಡಿಗೆ ಸಿಕ್ಕಿಸಿ ನಿಲ್ಲಿಸಿದ್ದ ಗಳು. ಮದುವೆಯಾದ ಮೇಲೆ ನಾನು ಹಾಡಿದ್ದೆಲ್ಲ ದೇವರ ಮುಂದೆ ಮತ್ತು ಒಲೆಯ ಮುಂದೆ. ಕಣ್ಣು ಕೆಳಗಿಳಿಸಿ ಮೊದಲ ಸಾಲು ಎತ್ತಿಕೊಂಡೆ. ನಮ್ಮ ಹುಡುಗಿಯರ ಕಾಲು ಕಂಡ ಮೇಲೆ ಬೇರೇನೂ ಕಾಣಲಿಲ್ಲ. ಹೆಣೆಯುವುದು ಸಲೀಸಾಗಿ ಮುಗಿಯಿತು. ಬಿಚ್ಚುವಾಗ ನನ್ನ ಮಗಳೇ ಹಿಂದೆ ಬಿದ್ದಳು. ನಾನು ಸಾಲಿನ ಕೊನೆಯನ್ನು ಎಳೆದೆ, ಇನ್ನೂ ಎಳೆದೆ. ಉಸಿರು ಮುಗಿಯಿತು ಎನ್ನುವಾಗ ಅವಳು ಮೇ ಲಿಂಗ್‌ಳ ತೋಳಿನಡಿ ನುಸುಳಿ ತನ್ನ ಜಾಗಕ್ಕೆ ಬಂದಳು. ಕೊನೆಗೆ ಹಗ್ಗಗಳೆಲ್ಲ ಬೇರೆ ಬೇರೆಯಾಗಿ ಇಳಿಬಿದ್ದವು.

ದೊಗಳೆ ಪ್ಯಾಂಟಿನ ಹುಡುಗರು ಎದ್ದು ನಿಂತು ಶಿಳ್ಳೆ ಹಾಕಿದರು. ಅನಘಾ ಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡು "ದಿಸ್ ಈಸ್ ಮೈ ಅಮ್ಮ" ಎಂದಳು.

ವಾಪಸ್ ಬರುವಾಗ ಅವಳು ಬಟ್ಟೆ ಬದಲಿಸಲಿಲ್ಲ. ಲಂಗ ದಾವಣಿ, ರಿಬ್ಬನ್ ಜಡೆಯಲ್ಲೇ ಎಂಆರ್‌ಟಿಯಲ್ಲಿ ಕಂಬಿ ಹಿಡಿದು ನಿಂತಳು.

"ಜನ ನೋಡ್ತಿದಾರೆ ಕಣೆ," ಎಂದೆ.

"ನೋಡ್ಲಿ ಬಿಡಮ್ಮ."

ಸ್ಟೇಜಿನಲ್ಲಿ ಅವಳು ತನ್ನ ಜಾಗಕ್ಕೆ ಬರುವವರೆಗೆ ನನ್ನ ಆ ಒಂದು ಉಸಿರು ಹೇಗೆ ಉಳಿಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ದೇವರು ಉಳಿಸಿಕೊಟ್ಟ ಎಂದೇ ನಂಬಿದ್ದೇನೆ. ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ಆಮೇಲೆ ಮಾರನೆಯ ದಿನದ ಇಡ್ಲಿಗೆ ಉದ್ದಿನಬೇಳೆ ನೆನೆಹಾಕಲು ಒಳಗೆ ಹೋದೆ.