ಅರ್ಧ ನೋಡಿದ ಸಿನೆಮಾಕ್ಕೆ ನಾನು ಹೇಳಿದ ಕೊನೆ

ಅದು 2003ನೇ ಇಸವಿ. ಆಗ ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಹಿಂದಿನ ದೀಪಾವಳಿಗೆ ನಮ್ಮ ಮನೆಗೆ ಸೀಡಿ ಪ್ಲೇಯರ್ ಬಂದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಸೀಡಿ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಶನಿವಾರ ಸಂಜೆ ಒಂದು ಸಿನೆಮಾ ತರುವುದು, ಭಾನುವಾರ ಊಟವಾದ ಮೇಲೆ ಚಾಪೆ ಹಾಸಿಕೊಂಡು ನೋಡುವುದು, ಸೋಮವಾರ ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಮಾತಾಡುವುದು. ನಮ್ಮ ಶಾಲೆಯಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದೇ ನಡೆಯುತ್ತಿತ್ತು. ಆದರೆ ಸಿನೆಮಾದ ವಿಷಯದಲ್ಲಿ ನನ್ನ ಮಾತಿಗೆ ತೂಕ ಜಾಸ್ತಿ. ನಾನು ಚೆನ್ನಾಗಿದೆ ಅಂದರೆ ಆ ವಾರ ಮೂರು ಮನೆಯಲ್ಲಿ ಅದೇ ಸಿನೆಮಾ. ಚೆನ್ನಾಗಿಲ್ಲ ಅಂದರೆ ಯಾರೂ ಮುಟ್ಟುತ್ತಿರಲಿಲ್ಲ. ಗಣಿತದ ಭಟ್ಟ ಮಾಸ್ತರಂತೂ, "ನೀವು ಹೇಳಿದ ಮೇಲೆ ನೋಡೂದು ಎಂತಕ್ಕೆ, ಕೇಳಿದ್ರೇ ಸಾಕು" ಅನ್ನುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ.

ನಮಗೆ ಚಹಾ ಕೊಡುತ್ತಿದ್ದವಳು ದೇವಕ್ಕ. ಶಾಲೆಯ ಆಯಾ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಪೇಟೆಯಿಂದ ಎರಡು ಮೈಲಿ ದೂರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಗಂಡ ಇದ್ದಾನೋ ಇಲ್ಲವೋ, ಮಕ್ಕಳು ಇದ್ದಾರೋ ಇಲ್ಲವೋ, ಆರು ವರ್ಷ ಅವಳ ಕೈಯಿಂದ ಚಹಾ ಕುಡಿದರೂ ನಾನು ಒಮ್ಮೆಯೂ ಕೇಳಿರಲಿಲ್ಲ.

ಫೆಬ್ರವರಿಯ ಒಂದು ದಿನ ಅವಳು ಹತ್ತಿರ ಬಂದು, "ಅಕ್ಕೋರೆ, ಒಂದು ರಜೆ ಚೀಟಿ ಬರ್ಕೊಡ್ತ್ರಾ? ನೆಂಟರ ಮನೆ ಮದ್ವಿ" ಎಂದಳು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುವುದು ರೂಢಿ. ನಾನು ಬರೆದುಕೊಟ್ಟೆ. ಎರಡು ದಿನದ ರಜೆ. ಕೆಳಗೆ ಅವಳು ಅಕ್ಷರ ಕೂಡಿಸಿಕೊಂಡು ಸಹಿ ಹಾಕಿದಳು. ಹೆಡ್ ಮಾಸ್ತರು ಊರಲ್ಲಿರಲಿಲ್ಲವಾದ್ದರಿಂದ, "ನಿಮ್ಮ ಹತ್ರವೇ ಇರ್ಲಿ, ಅವ್ರು ಬಂದಮೇಲೆ ಕೊಡಿ" ಎಂದು ಹೋದಳು.

ಆ ವಾರ ನಾವು ತಂದ ಸಿನೆಮಾ ಒಬ್ಬ ತಾಯಿಯದು. ಚಿಕ್ಕ ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಅವಳು ಹೊರಟುಹೋಗುತ್ತಾಳೆ. ಮಗಳು ದೊಡ್ಡವಳಾಗುತ್ತಾಳೆ. ಹಲವು ವರ್ಷದ ನಂತರ ತಾಯಿ ಹುಡುಕಿಕೊಂಡು ಬರುತ್ತಾಳೆ. ಅಲ್ಲಿಗೆ ಮೊದಲನೇ ಡಿಸ್ಕು ಮುಗಿಯಿತು. ಎರಡನೆಯದನ್ನು ಹಾಕಿದರೆ ಚಿತ್ರ ಚೂರುಚೂರಾಗಿ ನಿಂತೇ ಹೋಯಿತು. ನಮ್ಮನೆಯವರು ತೆಗೆದು, ಬನಿಯನ್ನಿಗೆ ಒರೆಸಿ ಮತ್ತೆ ಹಾಕಿದರು. ಊಹೂಂ. "ಪೂರಾ ಗೀರು ಬಿದ್ದೋಯ್ದು. ಇನ್ನು ಇದು ಹೋಗ್ತಿಲ್ಲೆ" ಎಂದು ಎದ್ದರು. ಅಂಗಡಿಯವನು, ಇನ್ನೊಂದು ಪ್ರತಿ ಹೊರಗೆ ಹೋಗಿದೆ, ಬಂದಮೇಲೆ ಕೊಡುತ್ತೇನೆ ಎಂದ.

ಸೋಮವಾರ ಚಹಾದ ಹೊತ್ತಿಗೆ ಭಟ್ಟ ಮಾಸ್ತರು, "ಈ ವಾರ ಎಂತ ನೋಡಿದ್ರಿ?" ಎಂದು ಕೇಳಿದರು. ಅರ್ಧ ಮಾತ್ರ ನೋಡಿದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎಲ್ಲರೂ ಗ್ಲಾಸು ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾನು ಶುರು ಮಾಡಿದೆ. ಕಥೆ ಹೇಳಿದೆ, ನಟನೆ ಹೇಗಿದೆ ಹೇಳಿದೆ. ಆಮೇಲೆ ಅಭಿಪ್ರಾಯಕ್ಕೆ ಬಂದೆ. "ಹೆತ್ತ ಮಗುವನ್ನು ಬಿಟ್ಟು ಹೋದವಳನ್ನ ತಾಯಿ ಅಂತ ಹೇಗೆ ಕರೀತಾರೆ? ನಾಯಿ ಬೆಕ್ಕು ಕೂಡ ಮರಿ ಬಿಟ್ಟು ಹೋಗೂದಿಲ್ಲ. ಇಂಥವಳು ಅತ್ತರೆ ನಾವೂ ಅಳಬೇಕಂತೆ" ಎಂದೆಲ್ಲ ಹೇಳಿದೆ. ಆಗ ನನ್ನ ಮಗಳಿಗೆ ಎರಡು ವರ್ಷ. ತಾಯಿ ಅಂದರೆ ಏನು ಎಂದು ನನಗೆ ಪೂರ್ತಿ ಗೊತ್ತಿದೆ ಎನ್ನುವ ಹಮ್ಮು ಬೇರೆ.

"ಹಂಗಾದ್ರೆ ಕಡೆಗೆ ಎಂತಾತು? ಮಗಳು ಒಪ್ಪಿಕೊಂಡ್ಲಾ?" ಎಂದು ಮಾಸ್ತರು ಕೇಳಿದರು.

ಒಂದು ಕ್ಷಣವೂ ತಡವರಿಸದೆ ಹೇಳಿದೆ. "ಎಲ್ಲಿ ಒಪ್ಪಿಕೊಳ್ತಾಳೆ? ನನ್ನ ತಾಯಿ ಸತ್ತು ಹೋಗಿ ಬಹಳ ವರ್ಷ ಆಯ್ತು ಅಂತ ಹೇಳಿ ಮುಖದ ಮೇಲೇ ಬಾಗಿಲು ಹಾಕ್ತಾಳೆ. ಅದೊಂದು ಮಾತ್ರ ಚೆನ್ನಾಗಿ ಮಾಡಿದ್ದಾರೆ."

ಬೆಲ್ ಹೊಡೆಯಿತು. ಎಲ್ಲರೂ ಕ್ಲಾಸಿಗೆ ಎದ್ದರು. ನಾನು ನೋಟ್ ಬುಕ್ಕುಗಳನ್ನು ಎತ್ತಿಕೊಳ್ಳುತ್ತಿದ್ದಾಗ ದೇವಕ್ಕ ಗ್ಲಾಸುಗಳ ತಟ್ಟೆ ಹಿಡಿದು ನಿಂತೇ ಇದ್ದಳು.

"ಖರೇನಾ ಅಕ್ಕೋರೆ? ಬಾಗ್ಲು ಹಾಕ್ಬಿಟ್ಲಾ?"

"ಹಾಕದೆ ಮತ್ತೇನು ಮಾಡ್ತಾಳೆ ದೇವಕ್ಕ? ಅಷ್ಟು ವರ್ಷ ತಿರುಗಿ ನೋಡದವಳು ಈಗ ಬಂದರೆ?"

"ಅದೂ ಹೌದು ಬಿಡಿ" ಎಂದು ಹೊರಗೆ ಹೋದಳು.

ಮಧ್ಯಾಹ್ನ ಮತ್ತೆ ಬಂದು, "ಆ ರಜೆ ಚೀಟಿ ಬ್ಯಾಡ ಅಕ್ಕೋರೆ. ಮದ್ವಿಗೆ ಹೋಗೂದಿಲ್ಲ" ಎಂದಳು. ಯಾಕೆ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ. ಚೀಟಿಯನ್ನು ಡ್ರಾಯರಿನಿಂದ ತೆಗೆದು, ಅವಳ ಎದುರೇ ಹರಿದು ಬುಟ್ಟಿಗೆ ಹಾಕಿದೆ.

ಹದಿನೈದು ದಿನದ ಮೇಲೆ ಅಂಗಡಿಯವನು ಎರಡನೇ ಡಿಸ್ಕಿನ ಒಳ್ಳೆಯ ಪ್ರತಿ ಕೊಟ್ಟ. ಭಾನುವಾರ ಹಾಕಿ ನೋಡಿದೆವು. ಸಿನೆಮಾದಲ್ಲಿ ಯಾರೂ ಬಾಗಿಲು ಹಾಕಲಿಲ್ಲ. ಮಗಳು ತಾಯಿಯನ್ನು ಒಳಗೆ ಕರೆಯುತ್ತಾಳೆ. ಆಮೇಲೆ ಮಗಳು ಎರಡು ತಟ್ಟೆ ಹಾಕಿ ಅನ್ನ ಬಡಿಸುತ್ತಾಳೆ. ತಾಯಿ ಯಾಕೆ ಹೋಗಬೇಕಾಯಿತು ಎನ್ನುವುದೂ ಆ ಅರ್ಧದಲ್ಲೇ ಇತ್ತು. ಅದು ಗೊತ್ತಾದ ಮೇಲೆ ಅವಳ ಮೇಲೆ ಸಿಟ್ಟು ಮಾಡುವುದು ಯಾರಿಂದಲೂ ಸಾಧ್ಯವಿರಲಿಲ್ಲ.

"ನೀನು ಶಾಲೆಲಿ ಎಂತ ಹೇಳಿದ್ಯೇ ಇದ್ರ ಬಗ್ಗೆ?" ಎಂದು ನಮ್ಮನೆಯವರು ಕೇಳಿದರು. ಹೇಳಿದೆ. ಅವರು ನಕ್ಕರು. ನಾನೂ ನಕ್ಕೆ. ನನಗೆ ಆಗಲೂ ಅದು ತಮಾಷೆಯೇ.

ಮರುದಿನ ಸ್ಟಾಫ್ ರೂಮಿನಲ್ಲಿ ಆ ತಮಾಷೆಯನ್ನೇ ದೊಡ್ಡದು ಮಾಡಿ ಹೇಳಿದೆ. ಡಿಸ್ಕು ಹಾಳಾಗಿತ್ತು, ಕೊನೆ ನಾನು ನೋಡಿಯೇ ಇರಲಿಲ್ಲ, ಬಾಗಿಲು ಹಾಕಿದ್ದೆಲ್ಲ ನನ್ನದೇ ಬುರುಡೆ, ನಿಜವಾಗಿ ಮಗಳು ಕರೆದು ಊಟಕ್ಕೆ ಕೂರಿಸುತ್ತಾಳೆ ಎಂದೆ. ಭಟ್ಟ ಮಾಸ್ತರು ಮೇಜು ತಟ್ಟಿ ನಕ್ಕರು. "ಹಿಂದೆ ಹೇಳಿದ್ದರಲ್ಲೂ ಇಂಥವು ಎಷ್ಟಿದ್ದಾವೋ!" ಎಂದರು. ಎಲ್ಲರೂ ನಕ್ಕರು.

ದೇವಕ್ಕ ನನ್ನ ಗ್ಲಾಸಿಗೆ ಚಹಾ ಹೊಯ್ಯುತ್ತಿದ್ದಳು. ಗ್ಲಾಸು ತುಂಬಿ ಮೇಜಿನ ಮೇಲೆ ಹರಿಯಿತು. ಅವಳು ಕೆಟಲ್ಲನ್ನು ಅಲ್ಲೇ ಇಟ್ಟು, ಒರೆಸದೆ, ಹೊರಗೆ ಹೋದಳು. ಆರು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಅದೊಂದೇ ಸಲ.

ನಾನು ಹಿಂದೆಯೇ ಹೋದೆ. ಶಾಲೆಯ ಹಿಂಭಾಗದ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

"ಎಂತಾಯ್ತು ದೇವಕ್ಕ?"

"ಮದ್ವಿ ಮುಗ್ದು ಎಂಟು ದಿನ ಆತು ಅಕ್ಕೋರೆ" ಎಂದಳು.

"ಯಾರ ಮದುವೆ?"

"ನನ್ನ ಮಗಳದ್ದು."

ಅವಳು ಹೇಳಿದ್ದನ್ನು ನಿಂತುಕೊಂಡೇ ಕೇಳಿದೆ. ದೇವಕ್ಕನನ್ನು ಮದುವೆ ಮಾಡಿ ಕೊಟ್ಟಿದ್ದು ಯಲ್ಲಾಪುರದ ಆಚೆ ಇಡಗುಂದಿಯ ಕಡೆಗೆ. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ದಿನ ತಲೆ ಒಡೆದು ರಕ್ತ ಬಂದಾಗ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಹೊರಟಳಂತೆ. ಅತ್ತೆ ಮಗುವನ್ನು ಕಿತ್ತುಕೊಂಡು, ನೀನು ಬೇಕಾದರೆ ಹೋಗು ಎಂದಳಂತೆ. "ಎರಡು ಸಲ ನೋಡುಕೆ ಹೋಗಿದ್ದೆ. ಅಂಗಳದಿಂದ ಒಳಗೆ ಕರೀಲಿಲ್ಲ. ಆಮೇಲೆ ಹೋಗುಕೆ ಧೈರ್ಯ ಬರ್ಲಿಲ್ಲ." ಗಂಡ ಸತ್ತು ಕೆಲವು ವರ್ಷವಾಗಿತ್ತು. ಈಗ ಯಾರದೋ ಕೈಯಲ್ಲಿ ಮಗಳ ಮದುವೆಯ ಕಾಗದ ಬಂದಿತ್ತು. ಕವರಿನ ಮೇಲೆ ಬರೀ ಇವಳ ಹೆಸರು. ಒಳಗೂ ಬೇರೇನೂ ಬರೆದಿರಲಿಲ್ಲ. ಮಗಳು ಕರೆದಳೋ, ಮನೆಯವರು ಲೆಕ್ಕಕ್ಕೆ ಕಳಿಸಿದರೋ ಇವಳಿಗೆ ತಿಳಿಯಲಿಲ್ಲ.

"ಹೋಗೂದೇ ಹೇಳಿ ಗಟ್ಟಿ ಮಾಡಿದ್ದೆ. ಸೀರಿಯೂ ತೆಗ್ದಿಟ್ಟಿದ್ದೆ. ನೀವು ಸಿನೆಮಾದ್ದು ಹೇಳಿದ್ರಲ... ನಾಲ್ಕು ಜನರ ಎದ್ರು ಅವ್ಳೂ ಹಂಗೇ ಅಂದ್ರೆ ಎಂತ ಮಾಡೂದು ಹೇಳಿ ಹೆದ್ರಿಕಿ ಆತು. ಓದಿದವ್ರು ನೀವು. ನಿಮಗೆ ಗೊತ್ತಿರ್ತದೆ ಅಂದ್ಕಂಡೆ."

ನಾಯಿ ಬೆಕ್ಕು ಎಂದು ನಾನು ಹೇಳಿದ್ದೂ ಅವಳ ಎದುರೇ. ಅವಳು ಆಗ ನನ್ನ ಗ್ಲಾಸು ತುಂಬಿಸುತ್ತಿದ್ದಳು. ತಪ್ಪಾಯಿತು ಎಂದೆ. ಅದು ನನ್ನ ಕಿವಿಗೇ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಎರಡನೇ ಸಲ ಹೇಳಲಿಲ್ಲ. "ಈಗಲೂ ಹೋಗುವಾ ದೇವಕ್ಕ. ನಾನೂ ಬರ್ತೇನೆ" ಎಂದೆ. ಅವಳು ಒಪ್ಪಲು ನಾಲ್ಕು ದಿನ ಹಿಡಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಶಿರಸಿಗೆ ಹೋಗಿ ಅಲ್ಲಿಂದ ಯಲ್ಲಾಪುರದ ಬಸ್ಸು ಹಿಡಿದೆವು. ಮಗಳನ್ನು ಕೊಟ್ಟಿದ್ದು ಉಮ್ಮಚಗಿಗೆ. ಅಳಿಯ ಟೆಂಪೊ ಓಡಿಸುತ್ತಿದ್ದ. ದೇವಕ್ಕ ಮದುವೆಗೆಂದು ತೆಗೆದಿಟ್ಟ ಸೀರೆಯನ್ನೇ ಉಟ್ಟಿದ್ದಳು. ಬಸ್ಸು ಇಳಿಯುವಾಗ, "ನೀವೇ ಮುಂದೆ ನಡೀರಿ" ಎಂದಳು.

ಮಗಳು ನೇತ್ರಾ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಸಿದ್ದಾಪುರದಿಂದ ಬಂದೆವು ಎಂದು ನಾನು ಹೇಳುವಷ್ಟರಲ್ಲಿ ಅವಳು ನನ್ನ ಹಿಂದೆ ನೋಡಿದಳು. ಯಾರೆಂದು ಹೇಳುವ ಅಗತ್ಯವೇ ಬೀಳಲಿಲ್ಲ. ಇಬ್ಬರಿಗೂ ಒಂದೇ ಹಣೆ, ಒಂದೇ ಗಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ತಂತಿಗೆ ಹಾಕಿ, "ಒಳಗೆ ಬನ್ನಿ" ಎಂದಳು. ನೀರು, ಬೆಲ್ಲ ತಂದಿಟ್ಟಳು. ಬಾಗಿಲಿಗೆ ಒರಗಿ ನಿಂತು, ತಾಯಿಯ ಮುಖ ನೋಡದೆ ಕೇಳಿದಳು.

"ಮದ್ವಿಗೆ ಎಂತಕ್ಕೆ ಬರ್ಲಿಲ್ಲ?"

ದೇವಕ್ಕ ತಲೆ ತಗ್ಗಿಸಿದಳು.

"ಕವರಿನ ಮೇಲೆ ನಾನೇ ಬರ್ದಿದ್ದೆ. ಅಮ್ಮ ಅಂತ ಬರದ್ರೆ ಅಜ್ಜಿ ಕಳಿಸ್ಲಿಕ್ಕೆ ಬಿಡ್ತಿರ್ಲಿಲ್ಲ. ಅದ್ಕೆ ಹೆಸ್ರು ಬರ್ದೆ. ಬಸ್ಸು ಬಂದಾಗೆಲ್ಲ ರಸ್ತಿ ಕಡಿಗೇ ನೋಡ್ತಿದ್ದೆ. ಧಾರಿ ಆಗೂವರಿಗೂ ನೋಡಿದೆ."

ಹೇಳಬೇಕಾದವಳು ನಾನು. ನಿನ್ನ ಅಮ್ಮ ಹೊರಟಿದ್ದಳು, ತಡೆದದ್ದು ನನ್ನ ಸುಳ್ಳು ಎಂದು ಒಂದೇ ವಾಕ್ಯ. ಶಾಲೆಯಲ್ಲಿ ದಿನಕ್ಕೆ ಐದು ಪಿರಿಯಡ್ ಮಾತಾಡುವ ನನಗೆ ಆ ವಾಕ್ಯ ಹೊರಡಲಿಲ್ಲ. ದೇವಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಮಗಳಿಗೆ ಹೇಳಿದಳು, "ಜರ ಬಂದಿತ್ತು ಮಗಾ. ಏಳುಕೇ ಆಗ್ಲಿಲ್ಲ."

"ಯಾರ ಹತ್ರಾದ್ರೂ ಹೇಳಿ ಕಳಿಸ್ಲಿಕ್ಕಾಗಿತ್ತು."

"ಹೌದು. ತಪ್ಪಾತು" ಎಂದಳು ದೇವಕ್ಕ. ನನ್ನ ತಪ್ಪನ್ನು ಅವಳು ಅಷ್ಟು ಸಲೀಸಾಗಿ ತನ್ನದು ಮಾಡಿಕೊಂಡಳು. ಮುಂದುವರಿದು, "ಇವ್ರು ನಮ್ಮ ಶಾಲೆ ಅಕ್ಕೋರು. ನನ್ನ ಕರ್ಕಂಡು ಬಂದವ್ರೇ ಇವ್ರು" ಎಂದಳು.

ನೇತ್ರಾಳಿಗೆ ಆಗ ಅಳು ಬಂತು. ಅವಳು ಅಳುತ್ತಲೇ ಬಗ್ಗಿ ಮೊದಲು ನನ್ನ ಕಾಲಿಗೆ ಕೈ ಮುಟ್ಟಿಸಿದಳು. "ನೀವಿಲ್ದಿದ್ರೆ ಇವ್ಳು ಬರ್ತಿರ್ಲಿಲ್ಲ" ಎಂದಳು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರು" ಎಂದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆಮೇಲೆ ತಾಯಿ ಮಗಳು ಅಡಿಗೆಮನೆಗೆ ಹೋದರು. ಒಳಗಿನಿಂದ ಮೊದಲು ಅಳು, ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯ ಸದ್ದು, ಮತ್ತೂ ಸ್ವಲ್ಪ ಹೊತ್ತಿಗೆ ಮೆಲ್ಲಗೆ ಮಾತು ಕೇಳಿಸಿತು. ಅಳಿಯ ಬಂದು ನನಗೆ ಮದುವೆಯ ಆಲ್ಬಮ್ ತಂದುಕೊಟ್ಟ. ಪುಟ ತಿರುಗಿಸಿದೆ. ಧಾರೆಯ ಚಿತ್ರದಲ್ಲಿ ಹುಡುಗಿಯ ತಾಯಿಯ ಜಾಗದಲ್ಲಿ ಯಾರೋ ಸಂಬಂಧಿಕರು ನಿಂತಿದ್ದರು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ನೇತ್ರಾ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ನಾನು ಆಲ್ಬಮ್ ಮುಚ್ಚಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ, "ಯಾಕೆ ಸುಳ್ಳು ಹೇಳಿದೆ ದೇವಕ್ಕ? ನನ್ನ ಹೆಸರು ಹೇಳಬೇಕಿತ್ತು" ಎಂದೆ.

"ಹೇಳಿ ಎಂತ ಆಗೂದಿತ್ತು? ನಿಮ್ಮ ಮಾತು ಕೇಳಿ ನಿಂತವ್ಳು ನಾನಲ್ಲವಾ" ಎಂದಳು. ಸ್ವಲ್ಪ ಹೊತ್ತಿನ ನಂತರ, "ಬಾಗ್ಲು ಹಾಕ್ಲಿಲ್ಲ ನೋಡಿ" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ.

ನಂತರ ದೇವಕ್ಕ ಹಬ್ಬಕ್ಕೆ, ಬಾಣಂತನಕ್ಕೆ ಉಮ್ಮಚಗಿಗೆ ಹೋಗಿ ಬರುವುದು ನಡೆಯಿತು. ಮೊಮ್ಮಗನ ನಾಮಕರಣಕ್ಕೆ ನನ್ನನ್ನೂ ಕರೆದರು. ಹೋದೆ. ನೇತ್ರಾ ಅಲ್ಲಿ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಂಗೆ ಅಮ್ಮನ್ನ ತಂದ್ಕೊಟ್ಟವ್ರು" ಎಂದು ಪರಿಚಯ ಮಾಡಿಸಿದಳು. ಅಲ್ಲಿಯೂ ನಾನು ಸುಮ್ಮನೇ ನಕ್ಕೆ.

ಸೋಮವಾರದ ಮಾತು ನಾನು ಬಿಟ್ಟು ಬಹಳ ಕಾಲವಾಯಿತು. ಯಾರಾದರೂ ಸಿನೆಮಾ ಹೇಗಿದೆ ಎಂದು ಕೇಳಿದರೆ, ನೀವೇ ನೋಡಿ ಅನ್ನುತ್ತೇನೆ. ಮನುಷ್ಯರ ವಿಷಯದಲ್ಲಂತೂ ಅಭಿಪ್ರಾಯ ಹೇಳಲು ಬಾಯಿ ತೆರೆದರೆ ಚಹಾ ಹೊಯ್ಯುತ್ತಿದ್ದ ಆ ಕೈ ಕಾಣುತ್ತದೆ.

ಇದನ್ನು ಬರೆಯುವ ಮೊದಲು ದೇವಕ್ಕನನ್ನು ಕೇಳಿದೆ. "ಬರ್ಕಳಿ, ಹೆಸ್ರು ಬದ್ಲು ಮಾಡಿ" ಎಂದಳು. ಬದಲಿಸಿದ್ದೇನೆ. ಆದರೂ ಅವಳ ಮಗಳು ಓದಿದರೆ ಇದು ತನ್ನ ಮದುವೆಯ ಕಥೆ ಎಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆದಿದ್ದೇನೆ. ಎದುರು ಕೂತು ಹೇಳುವ ಧೈರ್ಯ ಇಷ್ಟು ವರ್ಷವಾದರೂ ನನಗೆ ಬರಲಿಲ್ಲ.