ರಕ್ತದಕ್ಕನ ತಿಳಿನೀಲಿ ಅಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಡಿಗೆ ಮನೆಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತ ಅಕ್ಕ ತಿಳಿನೀಲಿ ಅಂಗಿಯೊಂದರ ಎದೆಭಾಗವನ್ನು ಉಜ್ಜುತ್ತಿದ್ದಾರೆ. ಚಿತ್ರೀಕರಣದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ. ಹೊರಗೆ ಕ್ಯಾಮೆರಾ ಸಜ್ಜಾಗುತ್ತಿದೆ. ಸೂರ್ಯ ಹುಟ್ಟುವ ಹೊತ್ತಿಗೆ ನಟ ಈ ಅಂಗಿ ತೊಟ್ಟು ಬೀದಿಯಲ್ಲಿ ಕೆಲಸಕ್ಕೆ ನಡೆದುಹೋಗಬೇಕು. ಅಂಗೈಯಗಲದ ಕೆಂಪು ಕಲೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ.

ಇದೊಂದು ಕೊಲೆಯ ಸಿನಿಮಾ. ನಿರ್ದೇಶಕಿ, ಛಾಯಾಗ್ರಾಹಕ, ನಟ ಎಲ್ಲರಿಗೂ ಇದೇ ಮೊದಲನೆಯದು. ಕೈಯಲ್ಲಿ ಕಾಸಿಲ್ಲ, ಹುಮ್ಮಸ್ಸಿಗೆ ಬರವಿಲ್ಲ. ಕುರ್ಚಿ ಒಬ್ಬರ ಮನೆಯದು, ಚಾಕು ಇನ್ನೊಬ್ಬರ ಅಡುಗೆಮನೆಯದು. ಹವ್ಯಾಸಿ ನಾಟಕಗಳಿಗೆ ಬಣ್ಣ ಹಚ್ಚಿ, ಬಟ್ಟೆ ಹೊಲಿದು ಬದುಕಿದ ಅಕ್ಕನೊಬ್ಬರೇ ಇಲ್ಲಿ ಪಳಗಿದವರು. ಗಾಯ, ರಕ್ತ, ಉಡುಪು ಎಲ್ಲ ಅವರದೇ ಉಸ್ತುವಾರಿ. ತಂಡದ ಬಾಯಲ್ಲಿ ಅವರು 'ರಕ್ತದಕ್ಕ'. ಪೋಸ್ಟರಿನಲ್ಲಿ ಅವರ ಹೆಸರು ಹುಡುಕಲು ಹೋದರೆ ಕಣ್ಣು ನೋಯುವುದಷ್ಟೇ ಲಾಭ.

ಕೊಲೆಯಾಗುವವನ ಅಂಗಿ ಅಕ್ಕನ ಗಂಡನದು. ಮುದ್ರಣಾಲಯದಲ್ಲಿದ್ದರು, ಈಗಿಲ್ಲ. "ಈ ಹುಡುಗನೂ ಅವ್ರ ಹಾಗೇ ಸಣ್ಣಕ್ಕೆ, ಉದ್ದಕ್ಕೆ ಇದಾನೆ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಸೀನಿದೆ ಅಂದ್ರು. ಅಂಗಿ ಇನ್ನೊಂದ್ಸಲ ಬೀದಿಲಿ ನಡೀಲಿ ಅಂತ ಆಸೆ ಆಯ್ತು. ಕೊಟ್ಬಿಟ್ಟೆ."

ಆದರೆ ಕೊಲೆ ನಡೆಯುವ ಮನೆ ಸಿಕ್ಕಿದ್ದು ನಿನ್ನೆ ಒಂದು ದಿನಕ್ಕೆ ಮಾತ್ರ. ಹಾಗಾಗಿ ಸಾಯುವ ದೃಶ್ಯವೇ ಮೊದಲು ಮುಗಿಯಿತು. ಅಕ್ಕ ಎರಡು ಬಗೆಯ ರಕ್ತ ಕಲಸುತ್ತಾರೆ. ಬಾಯಿಂದ ಒಸರುವುದಕ್ಕೆ ಸಕ್ಕರೆ ಪಾಕ ಮತ್ತು ತಿನ್ನುವ ಬಣ್ಣ. ಬಟ್ಟೆಗೆ ಬೀಳುವುದಕ್ಕೆ ಬೇರೆ ಬಣ್ಣ, ಅದರಲ್ಲಿ ಸಾಬೂನಿನ ನೀರು, ಒಗೆದರೆ ಬಿಡುತ್ತದೆ. ನಿನ್ನೆಯ ಗಡಿಬಿಡಿಯಲ್ಲಿ ಬಾಯಿಯ ಬಾಟಲಿಯನ್ನೇ ಎದೆಗೆ ಸುರಿದುಬಿಟ್ಟರು.

"ಯಾರನ್ನ ಬೈಲಿ? ನಂದೇ ಕೈ. ಅವ್ರಿದ್ದಷ್ಟು ದಿನ ಅಂಗಿಯಿಂದ ಶಾಯಿ ಕಲೆ ತೆಗ್ದೆ, ತೆಗೀತಾ ಗೊಣಗ್ದೆ. ಈಗ ನಾನೇ ಮಾಡಿದ್ದು ಹೋಗ್ತಿಲ್ಲ ನೋಡಿ." ಕಲೆಗೆ ಮತ್ತೆ ಸಾಬೂನು ಹಚ್ಚುತ್ತಾರೆ.

ನಿರ್ದೇಶಕಿ ಬಾಗಿಲಲ್ಲಿ ಇಣುಕುತ್ತಾಳೆ. "ಬೇರೆ ಅಂಗಿ ಹಾಕ್ಸೋಣ್ವಾ ಅಕ್ಕಾ?"

"ಅವ್ನು ಸಾಯೋ ದಿನದ ಬೆಳಿಗ್ಗೆ ಅಲ್ವೇನಮ್ಮಾ ಅದು? ಬೇರೆ ಹಾಕಿದ್ರೆ ಹೇಗೆ?"

ನಿರ್ದೇಶಕಿ ಉಗುರು ಕಚ್ಚುತ್ತಾಳೆ. "ಮುಖ ಹತ್ರದಿಂದ ತೆಗೀಬೇಕು ಅಂತಿದ್ದೆ. ಸಾಯ್ತೀನಿ ಅಂತ ಗೊತ್ತಿಲ್ದೇ ಇರೋ ಮುಖ. ಇನ್ನೇನ್ ಮಾಡೋದು, ಹಿಂದಿನಿಂದ ತೆಗೀತೀನಿ. ಬೆನ್ನಲ್ಲಿ ಕಲೆ ಇಲ್ವಲ್ಲ?"

"ಇಲ್ಲ," ಎನ್ನುತ್ತಾರೆ ಅಕ್ಕ.

ಇಸ್ತ್ರಿ ಪೆಟ್ಟಿಗೆಯಿಂದಲೇ ಅಂಗಿ ಒಣಗಿಸಿ, ನಟನಿಗೆ ತಾವೇ ಗುಂಡಿ ಹಾಕಿ, ಕಾಲರ್ ಸರಿಮಾಡುತ್ತಾರೆ. ಆಮೇಲೆ ಕ್ಯಾಮೆರಾದ ಪಕ್ಕ ನನ್ನ ಜೊತೆ ನಿಲ್ಲುತ್ತಾರೆ. "ಅವತ್ತು ಅವ್ರು ಹೊರಟಾಗ ನಾನು ಒಲೆ ಮುಂದೆ ಇದ್ದೆ. 'ಬರ್ತೀನಿ ಕಣೇ' ಅಂದ್ರು. ಹೂಂ ಅಂದೆ, ಕತ್ತೆತ್ತಿ ನೋಡ್ಲಿಲ್ಲ. ಕೆಲಸದ ಜಾಗದಲ್ಲೇ ಹೋಗ್ಬಿಟ್ರು. ಒಂದ್ಸಲ ಬಾಗಿಲಿಗೆ ಬಂದು ನೋಡ್ಬೇಕಿತ್ತು."

ನಟ ನಡೆಯುತ್ತಾನೆ. ಎಳೆಬಿಸಿಲಲ್ಲಿ ತಿಳಿನೀಲಿ ಬೆನ್ನು ಬೀದಿಯ ತಿರುವಿನವರೆಗೂ ಹೋಗುತ್ತದೆ. ನಿರ್ದೇಶಕಿ "ಕಟ್" ಎನ್ನುತ್ತಾಳೆ. ಅವನು ನಿಂತು, ಇನ್ನೇನು ಈ ಕಡೆ ಹೊರಳಬೇಕು.

"ತಿರುಗ್ಬೇಡಪ್ಪಾ," ಅಕ್ಕ ಕೂಗುತ್ತಾರೆ. "ಇನ್ನೊಂಚೂರು ದೂರ ಹಾಗೇ ಹೋಗು."