ಚರಿಗೆ ಹಚ್ಚುವಾಗ ಮಾತಾಡಬೇಕು

ಎಂ.ಎ. ಕೊನೆಯ ಪರೀಕ್ಷೆಗೆ ಹನ್ನೆರಡು ದಿನ ಉಳಿದಾಗ ನನ್ನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಕುತ್ತಿಗೆಯ ಬುಡದಲ್ಲಿ ಶುರುವಾದ ನೋವು ಮೊಣಕೈವರೆಗೆ ಇಳಿದಿತ್ತು. ಪೆನ್ನು ಹಿಡಿದರೆ ಅರ್ಧ ಪುಟಕ್ಕೆ ಬೆರಳು ಸೆಟೆಯುತ್ತಿದ್ದವು. ಧಾರವಾಡದ ಹಾಸ್ಟೆಲಿನಿಂದ ನವಲಗುಂದದ ಮನೆಗೆ ಬಂದಿದ್ದೆ. ಅವ್ವ ನನ್ನ ತಲೆ ಬಾಚುತ್ತಿದ್ದಳು. ಡಾಕ್ಟರು ಕೊಟ್ಟ ಗುಳಿಗೆಯಿಂದ ನಿದ್ದೆ ಬರುತ್ತಿತ್ತು, ಅಷ್ಟೆ.

ಈ ಸಲ ತಪ್ಪಿದರೆ ಮತ್ತೆ ಪರೀಕ್ಷೆಗೆ ಕೂಡುವ ಮಾತಿರಲಿಲ್ಲ. ನನ್ನನ್ನು ಓದಿಸಲು ಅಪ್ಪನನ್ನು ಒಪ್ಪಿಸಿದ್ದು ಅವ್ವ. ಅಪ್ಪ ಒಪ್ಪಿದ್ದು ಎರಡೇ ವರ್ಷಕ್ಕೆ, ಆಮೇಲೆ ಮದುವೆ. ಇದೆಲ್ಲ ಗೊತ್ತಿದ್ದೂ ನನಗೆ ಹೆದರಿಕೆ ಆಗುತ್ತಿರಲಿಲ್ಲ. ಬೇರೆ ಯಾರದೋ ಕೈ ನೋಡಿದಂತೆ ನನ್ನ ಕೈ ನೋಡುತ್ತಿದ್ದೆ.

ಅವ್ವ ನನ್ನನ್ನು ಹಿಂದಿನ ಓಣಿಯ ಜಮಖಾನೆ ನೇಯುವವರ ಮನೆಗೆ ಕರೆದೊಯ್ದಳು. ನೇಯುವವರು ಹೆಂಗಸರೇ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಕಬ್ಬಿಣದ ಪಂಜದಿಂದ ನೂಲನ್ನು ದಿನವಿಡೀ ಬಡಿದು ಬಡಿದು ಅವರ ಭುಜ ಹಿಡಿದುಕೊಳ್ಳುತ್ತದೆ. ಆಗ ನೋವು ಎಳೆದು ತೆಗೆಯಲು ಒಬ್ಬರಿಗೊಬ್ಬರು ಬೆನ್ನಿಗೆ ಚರಿಗೆ ಹಚ್ಚುತ್ತಾರೆ. ಆ ಮನೆಯ ಹಿರಿಯಳನ್ನು ಓಣಿಯೆಲ್ಲ ಚಾಚಿ ಎನ್ನುತ್ತಿತ್ತು.

ಚಾಚಿ ನನ್ನನ್ನು ಬೋರಲು ಮಲಗಿಸಿ, ಹೆಗಲ ಮೂಳೆಯ ಪಕ್ಕ ಕಣಕದ ಬಿಲ್ಲೆಯಿಟ್ಟು, ಅದರಲ್ಲಿ ನೆಟ್ಟ ಎಣ್ಣೆಬತ್ತಿಯನ್ನು ಹಚ್ಚಿ, ಪುಟ್ಟ ಹಿತ್ತಾಳೆ ಚರಿಗೆಯನ್ನು ಅದರ ಮೇಲೆ ಕವುಚಿದಳು. ಬತ್ತಿ ಆರಿತು. ಚರಿಗೆ ಚರ್ಮವನ್ನು ಒಳಕ್ಕೆ ಸೆಳೆಯಿತು.

"ಮಾತಾಡ್ಕೋತ ಇರವ್ವಾ," ಎಂದಳು. "ಎಷ್ಟೊತ್ತು ಇಡಬೇಕಂತ ನಿನ್ನ ದನೀನ ಹೇಳತೈತಿ. ದನಿ ನಿಂತ್ರ ತಗದಬಿಡತೀನಿ."

ನಾನು ಸುಮ್ಮನಿದ್ದೆ. ಅವಳು ಅಂಚಿನಲ್ಲಿ ಬೆರಳೊತ್ತಿ ತೆಗೆದುಬಿಟ್ಟಳು. ಮತ್ತೆ ಹಚ್ಚಿದಳು. ಮತ್ತೆ ತೆಗೆದಳು.

"ಹಂಗ ಇಡ್ರಿ ಚಾಚಿ," ಎಂದಳು ಅವ್ವ. "ಮೊದಲಿಂದ ಮಾತು ಕಡಿಮಿ ಆಕಿದು."

"ಒಲ್ಲೆವಾ. ಹಿಂಗ ಒಬ್ಬಾಕಿ ಮರ್ಯಾದಿಗೆ ಬಾಯಿ ಬಿಡಲಿಲ್ಲ. ಗುಳ್ಳಿ ಎದ್ದು ಹದಿನೈದು ದಿನ ಬೋರಲ ಮಲಗಿದ್ಲು."

ಮಗ್ಗದ ಮುಂದಿದ್ದ ಚಾಚಿಯ ಸೊಸೆ ಪಂಜ ಬಡಿಯುತ್ತಲೇ ಕೇಳಿದಳು, "ಅಷ್ಟು ಓದಿ ಮಾತು ಎಲ್ಲಿ ಬಿಟ್ಟು ಬಂದ್ರಿ? ಹಾಸ್ಟೆಲ್‌ನ್ಯಾಗೇನು?"

ಮೂರನೆಯ ಸಲ ಚರಿಗೆ ಹಿಡಿದಾಗ ಬಸ್ಸು ನಿಲ್ಲುವ ಊರುಗಳನ್ನು ಹೇಳತೊಡಗಿದೆ: ಹೆಬಸೂರು, ಕುಸುಗಲ್ಲು, ಹುಬ್ಬಳ್ಳಿ.

"ಕಂಡಕ್ಟರ್ ನೌಕರಿಗೆ ಅರ್ಜಿ ಹಾಕೀರೇನ್ರಿ?" ಸೊಸೆ ನಕ್ಕಳು.

"ಸುಮ್ಮನಿರ ಲೇ, ಬಸ್ಸು ಹೊಂಟೈತಿ. ಮುಂದ ಹೇಳವ್ವಾ," ಎಂದಳು ಚಾಚಿ.

ರಾಯಾಪುರ, ಸತ್ತೂರು, ಧಾರವಾಡ. ಊರುಗಳು ಮುಗಿದವು.

"ಧಾರವಾಡದಾಗ ಇಳದು ಏನು ಮಾಡ್ತಿ?"

"ಪರೀಕ್ಷಾ ಬರೀತೀನ್ರಿ."

"ಆಮ್ಯಾಲ?"

"ಬರೀಬೇಕಂತ ಏನೂ ಅನಸವಲ್ದ್ರಿ ಚಾಚಿ. ಬರದ್ರೂ ಅಷ್ಟ, ಬಿಟ್ರೂ ಅಷ್ಟ. ವರ್ಷಾತು ಹಿಂಗಾಗಿ."

ನನ್ನ ದನಿ ಅಲುಗಲಿಲ್ಲ, ಹಾಗಾಗಿ ಚಾಚಿ ಚರಿಗೆಯನ್ನು ಇಟ್ಟೇ ಇದ್ದಳು. ಮಗ್ಗದ ಬಡಿತ ನಿಂತಿತು. ನೆಲಕ್ಕೆ ಕೆನ್ನೆ ಒತ್ತಿದ್ದ ನನಗೆ ಕಾಣುತ್ತಿದ್ದದ್ದು ಅವ್ವನ ಪಾದಗಳು ಮಾತ್ರ. ಕಾಲುಂಗುರದ ಬೆರಳುಗಳು ಒಳಕ್ಕೆ ಮಡಚಿಕೊಂಡವು.

ಮೊದಲು ಎಳೆತ, ಆಮೇಲೆ ಭಾರ, ಆಮೇಲೆ ತುರಿಕೆಯಂಥ ಬಿಸಿ. ತೆಗೆದ ಮೇಲೆ ಭುಜ ನನ್ನದಲ್ಲ ಎನ್ನುವಷ್ಟು ಹಗುರ. ಚಾಚಿ ಬೆಚ್ಚಗಿನ ಎಣ್ಣೆ ಸವರಿ, ನಾಳೆವರೆಗೆ ತಣ್ಣೀರು ಮುಟ್ಟಬೇಡ, ಗಾಳಿಗೆ ಕೂಡಬೇಡ ಎಂದಳು. ದುಂಡನೆಯ ಕಲೆ ಕೆಂಪಿಂದ ಕಪ್ಪಾಗಿ, ಹಳದಿಯಾಗಿ ಹೋಗುತ್ತದೆ, ಹೆದರಬಾರದು. ಒಂದು ದಿನ ಬಿಟ್ಟು ಒಂದು ದಿನ, ಇನ್ನೆರಡು ಸಲ ಬರಬೇಕು.

ಅವ್ವ ನನ್ನ ಕುಪ್ಪಸದ ಗುಂಡಿ ಹಾಕಿದಳು. ಓಣಿ ದಾಟಿದ ಮೇಲೆ ಕೇಳಿದಳು.

"ಕೈ ಏಳತೈತೇನು?"

ಎತ್ತಿ ತೋರಿಸಿದೆ. ಕಿವಿಯವರೆಗೆ ಬಂತು.

"ಹಂಗಾರ ಬರದು ಬಾ," ಎಂದಳು. "ಮನಸ್ಸಿಂದು ಆಮ್ಯಾಲ ನೋಡೂಣು."

ಬೈಯುತ್ತಾಳೆ ಅಂದುಕೊಂಡಿದ್ದೆ. ಅತ್ತಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಅವಳು ಎರಡನ್ನೂ ಮಾಡದೆ ಸಂಜೆ ಅಕ್ಕಿ ಆರಿಸುತ್ತ ಕೂತಳು.

ಇನ್ನೆರಡು ಸಲ ಹೋದೆವು. ಆಗ ಚಾಚಿ ಹತ್ತಿ, ಜೋಳ, ಹಾಸ್ಟೆಲಿನ ಊಟ ಅಂತ ತಾನೇ ಏನೇನೋ ಕೇಳಿದಳು. ನಾನು ಉತ್ತರ ಕೊಟ್ಟೆ. ನೋವು ಪೂರ್ತಿ ಹೋಗಲಿಲ್ಲ. ಎರಡು ತಾಸು ಬರೆದ ಮೇಲೆ ಮರಳುತ್ತಿತ್ತು. ಕೈ ಕೆಳಗಿಟ್ಟು, ಕಾಯ್ದು, ಮತ್ತೆ ಬರೆಯುತ್ತಿದ್ದೆ.

ಪರೀಕ್ಷೆ ಮುಗಿಯುವವರೆಗೂ ಅವ್ವ ಧಾರವಾಡದಲ್ಲಿ ಬಂಧುಗಳ ಮನೆಯಲ್ಲಿ ಉಳಿದು ದಿನಾ ಬೆಳಿಗ್ಗೆ ಹಾಸ್ಟೆಲಿಗೆ ಬಂದು ನನ್ನ ತಲೆ ಬಾಚಿದಳು. ಕೊನೆಯ ದಿನ ಹೊರಬಂದಾಗ ಗೇಟಿನ ಹತ್ತಿರ ನಿಂತಿದ್ದಳು.

"ಎಲ್ಲಾ ಬರದೀ?"

"ಬರದ್ನಿ."

ನನ್ನ ಬಲಗೈಯನ್ನು ತಗೊಂಡು, ಮಸಿಯಾದ ಬೆರಳನ್ನು ಸೆರಗಿನಿಂದ ಒರೆಸಿದಳು. ಮನಸ್ಸಿನ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ, ಅವತ್ತು ಚಾಚಿಗೆ ಹೇಳಿದ್ದೇ ನನ್ನ ಉತ್ತರವಾಗಿತ್ತು.